ಸೀಟಿನ ಕೆಳಗಿನ ಟಿರ್ರ್

ನನ್ನ ತಲೆ ಹಿಂದಿನ ಸೀಟಿನ ಕೆಳಗೆ, ಕಾಲು ಸೀಟಿನ ಮೇಲೆ. ಕಾರು ನೂರರ ಮೇಲೆ ಓಡುತ್ತಿತ್ತು!

"ಸಿಕ್ತಾ?" ಓಡಿಸುತ್ತಿದ್ದವನು ಕೇಳಿದ.

"ಇನ್ನೂ ಇಲ್ಲ ಸಾರ್."

"ಸಿಗೋವರೆಗೂ ನಿನ್ ತಮ್ಮ ನನ್ ಆಫೀಸ್ ಬಿಟ್ಟು ಹೋಗಲ್ಲ."

ಊರಿನ ಗುಜರಿ ವ್ಯಾಪಾರವೆಲ್ಲ ಇವನ ಮುಷ್ಟಿಯಲ್ಲಿ. ಎಲ್ಲರೂ ಕಬ್ಬಿಣ ಅಂತಾರೆ, ಬೆನ್ನ ಹಿಂದೆ ಮಾತ್ರ. ಇವನ ಹೊಸ ಕಾರಿಗೆ ಸ್ಪೀಕರ್ ಕೂರಿಸಿದ್ದು ನನ್ನ ತಮ್ಮ. ಆಮೇಲೆ ಹಾಡಿನ ನಡುವೆ ಸದ್ದು ಶುರುವಾಯಿತು. ಟಿಕ್... ಟಿಕ್... ಟಿರ್ರ್... ಕಬ್ಬಿಣ ತಮ್ಮನನ್ನು ಎಳೆತಂದು ಕೂರಿಸಿಕೊಂಡ. ನನ್ನನ್ನು ಕರೆಸಿದ. ಕಾರಿನ ಸ್ಪೀಕರಿಗೆ ಸೇರಿಕೊಂಡ ಸದ್ದನ್ನು ಹುಡುಕಿ ಹಿಡಿಯುವುದೇ ನನ್ನ ಕಸುಬು.

ಫೋನ್ ಹತ್ತಿರವಿದ್ದರೂ ಸ್ಪೀಕರ್ ಹೀಗೇ ಗೊಣಗುತ್ತದೆ. ಅದಕ್ಕೇ ಎಲ್ಲರ ಫೋನೂ ಆಫ್ ಮಾಡಿಸಿ ಆಫೀಸಿನಲ್ಲಿ ಇಡಿಸಿದ್ದೆ. ನನ್ನದನ್ನು ಆಫ್ ಮಾಡುವಷ್ಟರಲ್ಲೇ ಅಮ್ಮನ ಕಾಲ್, ಬೆಳಗಿನಿಂದ ಮೂರನೆಯದು. ಕಟ್ ಮಾಡಿದ್ದೆ.

"ನಿಲ್ಲಿಸಿ. ಇಂಜಿನ್ ಆಫ್ ಮಾಡಿ."

ಮೊದಲ ಅನುಮಾನ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ. ಅದಾಗಿದ್ದರೆ ಇಂಜಿನ್ ನಿಂತ ಕೂಡಲೇ ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಟಿರ್ರ್...

ಆಮೇಲೆ ಅರ್ಥಿಂಗ್ ವೈರ್ ಸಡಿಲವೇನೋ ಅಂತ. ಬೋಲ್ಟ್ ಬಿಚ್ಚಿ ನೋಡಿದೆ. ಬಣ್ಣ ಕೆರೆದು ಬರೀ ತಗಡಿಗೆ ಬಿಗಿದಿದ್ದ. ತಮ್ಮನ ಕೆಲಸ ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು.

ಕಬ್ಬಿಣ ಇಳಿದು ಬಂದ. ಕೈಯಲ್ಲಿ ಜಾಕಿ ರಾಡ್.

"ಬೇಕಂತಲೇ ಮಾಡಿದಾನೆ ಅವನು."

"ಅಷ್ಟು ತಲೆ ಇಲ್ಲ ಸಾರ್ ಅವನಿಗೆ. ಸದ್ದು ಜಾಸ್ತಿ ಯಾವಾಗ ಬರುತ್ತೆ?"

"ಹೊರಟಾಗ. ನಿಂತಾಗ."

ಹೊರಟಾಗ... ನಿಂತಾಗ... ಯಾರಿಗೋ ವರದಿ ಒಪ್ಪಿಸುವ ಹಾಗೆ!

ಕಾರ್ಪೆಟ್ ಕಿತ್ತೆ. ಆಂಪ್ಲಿಫೈಯರ್ ಪಕ್ಕದಲ್ಲೇ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ. ಮಿಣಮಿಣ ದೀಪ. ಒಳಗೊಂದು ಸಿಮ್. ವೈರ್ ಎಳೆದೆ. ಸದ್ದು ಸತ್ತಿತು.

"ಟ್ರ್ಯಾಕರ್ ಸಾರ್. ನೀವೆಲ್ಲಿದೀರಿ ಅಂತ ಯಾರೋ ಕೂತಲ್ಲೇ ನೋಡ್ತಿದಾರೆ."

ಕಬ್ಬಿಣನ ಮುಖ ಬಿಳಿಚಿಕೊಂಡಿತು. "ಯಾರು?"

ನಾನು ವೈರ್ ಜೋಡಣೆ ನೋಡಿದೆ. ಎಡಗೈಯವರು ಮಾಡುವ ಹಾಗೆ ಎಡಕ್ಕೆ ತಿರುಚಿದ್ದು. ನಮ್ಮ ಕಸುಬಿನಲ್ಲಿ ಎಡಚ ಒಬ್ಬನೇ, ನನ್ನ ತಮ್ಮ. ಜೋಡಣೆಯನ್ನು ಹೆಬ್ಬೆರಳಲ್ಲಿ ಮುಚ್ಚಿಕೊಂಡೆ.

"ಗೊತ್ತಿಲ್ಲ ಸಾರ್."

"ನಿನ್ ಮುಖ ಹಾಗೆ ಹೇಳ್ತಿಲ್ಲ. ಹತ್ತು."

ಎರಡು ಸಿಗ್ನಲ್ ಹಾರಿಸಿದ. ನಾನು ಕಣ್ಣು ಮುಚ್ಚಿ ಕೂತಿದ್ದೆ.

ಆಫೀಸಿನಲ್ಲಿ ತಮ್ಮ ಸ್ಟೂಲಿನ ಮೇಲಿದ್ದ. ಕಬ್ಬಿಣ ಡಬ್ಬಿಯನ್ನು ಮೇಜಿಗೆ ಬಡಿದ.

"ನೀನಾ ಹಾಕಿದ್ದು? ಯಾರಿಗೋಸ್ಕರ?"

ತಮ್ಮ ನೆಲ ನೋಡಿದ. ರಾಡ್ ಮೇಲೆದ್ದಿತು. ನಾನು ನಡುವೆ ನುಗ್ಗಿದೆ.

"ಮೆಲ್ಲಗೆ ಇಡೋ. ಅದು ನಂದು," ಅಂತ ಹೆಂಗಸಿನ ದನಿ.

ಬಾಗಿಲಲ್ಲಿ ಕಬ್ಬಿಣನ ತಾಯಿ. ಏದುಸಿರು. ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ.

"ಫೋನ್ ಮಾಡಿದ್ರೆ ಎತ್ತಲ್ಲ. ಬರ್ತೀಯೋ ಇಲ್ವೋ ಹೇಳಲ್ಲ. ಮೊಬೈಲಲ್ಲಿ ನಿನ್ ಚುಕ್ಕೆ ಓಡಾಡ್ತಿದ್ರೆ ನಂಗೆ ಊಟ ಸೇರುತ್ತೆ. ಇವತ್ತು ಚುಕ್ಕೆ ಇದ್ದಕ್ಕಿದ್ದ ಹಾಗೆ ಹೋಯ್ತು. ಓಡಿ ಬಂದೆ." ತಮ್ಮನತ್ತ ತಿರುಗಿದರು. "ಯಾರಿಗೂ ಹೇಳಬೇಡ ಅಂದಿದ್ದೆ. ಒದೆ ತಿನ್ನೋವರೆಗೂ ಸುಮ್ನಿರ್ತಾರೇನೋ ಹುಚ್ಚಪ್ಪ?"

ರಾಡ್ ಮೆಲ್ಲಗೆ ಮೂಲೆ ಸೇರಿತು. ಕಬ್ಬಿಣ ತಾಯಿಯ ಚಪ್ಪಲಿಗಳನ್ನೇ ನೋಡಿದ.

"ಸದ್ದು ಬರದ ಹಾಗೆ ಅದನ್ನ ವಾಪಸ್ ಹಾಕು," ಅಂದ.

ಆಂಪ್ಲಿಫೈಯರಿನಿಂದ ದೂರ, ಡ್ಯಾಶ್‌ಬೋರ್ಡಿನೊಳಗೆ ಹಾಕಿಕೊಟ್ಟೆ.

ನನ್ನ ವ್ಯಾನಿನಲ್ಲಿ ಹೊರಟೆವು. ಇಬ್ಬರ ಫೋನೂ ಇನ್ನೂ ಆಫ್.

"ನಂಗಾದ್ರೂ ಹೇಳಬಾರದಿತ್ತೇನೋ?"

"ಮಾತು ಕೊಟ್ಟಿದ್ದೆ ಅಣ್ಣ."

"ಅದೂ ಆಂಪ್ಲಿಫೈಯರ್ ಪಕ್ಕದಲ್ಲಿ ಇಡ್ತಾರೇನೋ, ದಡ್ಡ."

ರೇಡಿಯೋ ಹಾಕಿದೆ.

ಟಿಕ್... ಟಿಕ್... ಟಿರ್ರ್...

ತಮ್ಮ ಕಿಟಕಿಯ ಕಡೆ ತಿರುಗಿ ಕೂತ. "ನಿನ್ ಸೀಟ್ ಕೆಳಗಿದೆ, ನಿನ್ನೆ ರಾತ್ರಿ ಹಾಕಿದ್ದು," ಅಂದ. "ಅಮ್ಮನಿಗೂ ಮಾತು ಕೊಟ್ಟಿದ್ದೆ."

ವ್ಯಾನನ್ನು ಪಕ್ಕಕ್ಕೆ ಹಾಕಿದೆ. ಫೋನ್ ಆನ್ ಮಾಡಿ ಅಮ್ಮನ ನಂಬರ್ ಒತ್ತಿದೆ. ಒಂದೇ ರಿಂಗಿಗೆ ಎತ್ತಿದಳು.

"ದಾರಿ ಮಧ್ಯೆ ಯಾಕೋ ನಿಂತೆ?"