ತಲೆಯಡಿಯ ಚಪ್ಪಲಿ

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಔಷಧಿ ಅಂಗಡಿಯವನು ಐದು ವರ್ಷದ ಹುಡುಗಿಯೊಬ್ಬಳನ್ನು ಕೈಹಿಡಿದು ಠಾಣೆಗೆ ಕರೆತಂದ. ಷಟರ್ ಎತ್ತಲು ಬಂದಾಗ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳಂತೆ. ಅಳಲಿಲ್ಲ, ರಚ್ಚೆ ಹಿಡಿಯಲಿಲ್ಲ. ಅದೇ ತನಗೆ ಭಯ ಹುಟ್ಟಿಸಿತು ಎಂದು ದೂರಿನಲ್ಲಿ ಬರೆಸಿದ.

ಇನ್‌ಸ್ಪೆಕ್ಟರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅಮ್ಮ ಎಲ್ಲಿ ಪುಟ್ಟೀ?"

"ಸತ್ತೋದ್ಲು."

"ಎಲ್ಲಿ?"

"ಕಾಲುವೇಲಿ."

"ಯಾರಾದ್ರೂ ತಳ್ಳಿದ್ರಾ?"

ಹುಡುಗಿ ತುಸು ತಡವರಿಸಿ, "ನಂಗೆ ಯಾರೂ ಇಲ್ಲ," ಎಂದಳು.

ಎಷ್ಟು ಸಲ ಕೇಳಿದರೂ ಅಷ್ಟೇ, ಬಾಯಿಪಾಠ ಒಪ್ಪಿಸಿದ ಹಾಗೆ. ಎಫ್‌ಐಆರ್ ದಾಖಲಾಯಿತು. ಈಜುಗಾರರು ಕಾಲುವೆ ಜಾಲಾಡಿದರು. ಕೊಚ್ಚೆಯೊಳಗಿಂದ ಹೆಂಗಸಿನ ಶಾಲೊಂದು ಮೇಲೆ ಬಂದಾಗ ದಡದಲ್ಲಿದ್ದವರು ನೂಕಾಡಿಕೊಂಡು ಮುಂದೆ ಬಂದರು. ಪಂಚನಾಮೆ ಮಾಡಿ ಅದನ್ನು ವಶಕ್ಕೆ ಪಡೆದರು. ಹೆಣ ಸಿಗಲಿಲ್ಲ.

ಮಧ್ಯಾಹ್ನ ಮಹಿಳಾ ಪೇದೆ ಬೆಂಚಿನ ಮೇಲೆ ಬೆಡ್‌ಶೀಟ್ ಹಾಸಿಕೊಟ್ಟಳು. ಹುಡುಗಿ ಚಪ್ಪಲಿ ಬಿಚ್ಚಿ, ಜೋಡಿಸಿ, ತಲೆಯಡಿ ಇಟ್ಟುಕೊಂಡು ಮಲಗಿದಳು.

"ಸಾರ್, ಅನಾಥಾಲಯದ ಮಕ್ಕಳು ಮಲಗೋದು ಹೀಗೆ," ಎಂದಳು ಪೇದೆ. "ನಮ್ ದೊಡ್ಡಮ್ಮ ಅಲ್ಲಿ ಅಡುಗೆ ಮಾಡ್ತಿದ್ರು, ನೋಡಿದೀನಿ. ಚಪ್ಪಲಿ ಕೆಳಗೆ ಬಿಟ್ರೆ ಬೆಳಿಗ್ಗೆ ಇರಲ್ಲ."

ಹುಡುಗಿ ಎದ್ದ ಮೇಲೆ ಇನ್‌ಸ್ಪೆಕ್ಟರ್, ಹೀಗೆ ಮಲಗೋದನ್ನು ಯಾರು ಕಲಿಸಿದ್ದು ಎಂದು ಕೇಳಿದರು. "ಅಮ್ಮ" ಎಂಬ ಉತ್ತರ ಬಂತು.

ಊರಿಗಿದ್ದದ್ದು ಒಂದೇ ಅನಾಥಾಲಯ. ಅಲ್ಲಿನ ಮೇಲ್ವಿಚಾರಕಿ ಹುಡುಗಿಯ ಫೋಟೋ ನೋಡಿ ತಲೆಯಾಡಿಸಿದರು.

"ಈ ಮಗು ನಮ್ಮದಲ್ಲ. ಆದ್ರೆ ಇದರ ತಾಯಿ ಇಲ್ಲೇ ಬೆಳೆದೋಳು. ಹೋದ ತಿಂಗಳು ಮಗೂನ ಕರ್ಕೊಂಡು ಬಂದು, ಸೇರಿಸ್ಕೊಳ್ಳಿ ಅಂತ ಗೋಗರೆದ್ಲು."

"ನೀವೇನಂದ್ರಿ?"

"ತಾಯಿ ಬದುಕಿದ್ರೆ ಸೀಟಿಲ್ಲ ಅಂದೆ. ರೂಲ್ಸ್ ಇರೋದೇ ಹಾಗಲ್ವಾ ಸಾರ್?"

ಅವಳ ಕೆಲಸ ಎಲ್ಲಿ ಎಂದು ಇನ್‌ಸ್ಪೆಕ್ಟರ್ ವಿಚಾರಿಸಿದರು. ಅಂಥ ಮಾತು ಕೇಳಿಸಿಕೊಂಡ ಹೆಣ್ಣು ನಿಜವಾಗಿಯೂ ಕಾಲುವೆಗೆ ಹಾರಿದ್ದರೂ ಹಾರಿರಬಹುದು. ಆಸ್ಪತ್ರೆಯ ಬಟ್ಟೆ ಒಗೆಯುವಲ್ಲಿ ಎಂದಷ್ಟೇ ಮೇಲ್ವಿಚಾರಕಿಗೆ ಗೊತ್ತಿತ್ತು.

ಬುಧವಾರ ಇನ್‌ಸ್ಪೆಕ್ಟರ್ ಅಲ್ಲಿಗೆ ಹೋದಾಗ ಊಟದ ಬಿಡುವು. ಹಬೆ ತುಂಬಿದ ಕೋಣೆಯಲ್ಲಿ ಹೆಂಗಸರು ಸಾಲಾಗಿ ಅಡ್ಡಾಗಿದ್ದರು. ಎಲ್ಲರ ಚಪ್ಪಲಿಯೂ ಬಾಗಿಲ ಬಳಿಯಿತ್ತು. ಮೂಲೆಯಲ್ಲಿ ಮಲಗಿದ್ದವಳ ಚಪ್ಪಲಿ ಮಾತ್ರ ಅವಳ ತಲೆಯಡಿ ಇತ್ತು. ಸದ್ಯ, ಬದುಕಿದ್ದಳು.

"ಏಳಮ್ಮಾ. ಮಗೂನ ಯಾಕೆ ಬಿಟ್ಟೆ?"

ಅವಳು ಇಲ್ಲ ಅನ್ನಲಿಲ್ಲ. "ಹಗಲೂ ರಾತ್ರಿ ಡ್ಯೂಟಿ ಸಾರ್. ಮನೇಲಿ ಕೂಡಿಹಾಕಿ ಬೀಗ ಹಾಕ್ಕೊಂಡು ಬರ್ತಿದ್ದೆ. ಹೋದ ವಾರ ಒಬ್ಬಳೇ ಒಳಗೆ ಸ್ಟೌವ್ ಹಚ್ಚಿದಾಳೆ. ಹಾಸಿಗೆ ಅರ್ಧ ಸುಟ್ಟುಹೋಗಿತ್ತು. ಮುಂದಿನ ಸಲ ಅವಳೇ ಸುಟ್ಟೋಗ್ತಾಳೆ. ತಾಯಿ ಇರಬಾರದು ಅಂದ್ರಲ್ಲಾ, ಅದಕ್ಕೇ ಶಾಲು ಕಾಲುವೆಗೆ ಎಸೆದು ಸತ್ತೋದೆ." ಕೈಗೆ ಸಿಕ್ಕ ಒದ್ದೆ ಬಟ್ಟೆಯಲ್ಲೇ ಮುಖ ಒರೆಸಿಕೊಂಡಳು. "ಸೀಟು ಸಿಕ್ತಾ ಸಾರ್?"

ಮಗುವನ್ನು ತ್ಯಜಿಸಿದ ಆರೋಪದ ಮೇಲೆ ಅವಳ ಬಂಧನವಾಯಿತು.

ಅದೇ ಸಂಜೆ ಮಕ್ಕಳ ಕಲ್ಯಾಣ ಸಮಿತಿ ಆದೇಶ ಕಳಿಸಿತು. ತಾಯಿ ಬಂಧನದಲ್ಲಿರುವುದರಿಂದ ನೋಡಿಕೊಳ್ಳುವವರು ಯಾರೂ ಇಲ್ಲ, ಮಗುವನ್ನು ಅನಾಥಾಲಯಕ್ಕೆ ಸೇರಿಸತಕ್ಕದ್ದು. ಮೇಲ್ವಿಚಾರಕಿಯೇ ಬಂದು ಕರೆದುಕೊಂಡು ಹೋದರು.

ಪೇದೆ ಲಾಕಪ್ಪಿನ ಹತ್ತಿರ ಹೋಗಿ, "ಸೀಟು ಸಿಕ್ತು ಕಣಮ್ಮಾ," ಎಂದಳು.

ತಾಯಿ ಗೋಡೆಗೊರಗಿ ಕೂತಳು. ಮತ್ತೆ ಎದ್ದು ಬಂದು ಸರಳು ಹಿಡಿದು, "ಅಕ್ಕಾ, ನಾನು ಸತ್ತಿಲ್ಲ ಅಂತ ಅವಳಿಗೆ ಹೇಳಿ," ಎಂದಳು.

ಪೇದೆ ಆಗಲಿ ಎಂದು ತಿರುಗಿದಳು. ಬಾಗಿಲು ದಾಟುವ ಮೊದಲೇ ಹಿಂದಿನಿಂದ ಮತ್ತೆ ಕರೆ ಬಂತು.

"ಬೇಡ ಅಕ್ಕಾ, ಹೇಳ್ಬೇಡಿ. ಸೀಟು ಹೋಗ್ಬಿಡುತ್ತೆ."