ಮಸಾಜ್ ಅನ್ನೋ ಮಾತು

ಫೋನಿನಲ್ಲಿ ಗಂಡಸಿನ ದನಿ ಕೇಳಿದರೆ ಸಾಕು, ಆಶಾರಾಣಿಯ ಪಿತ್ತ ನೆತ್ತಿಗೇರುತ್ತಿತ್ತು. ಕಾರಣ ಇಲ್ಲದೇ ಏನಲ್ಲ. ಕೆಂಪಾಪುರದ ಅವಳ ಅಂಗಡಿಯ ಬೋರ್ಡಿನ ಮೇಲೆ 'ಆಶಾ ಸ್ಕಿನ್ ಕೇರ್ ಮತ್ತು ಮಸಾಜ್, ಮಹಿಳೆಯರಿಗೆ ಮಾತ್ರ' ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದಳು, ಕೆಳಗೆ ನಂಬರು. ಕೆಲವರ ಕಣ್ಣಿಗೆ ಆ ಸಾಲಿನಲ್ಲಿ ಒಂದೇ ಒಂದು ಪದ ಬೀಳುತ್ತಿತ್ತು. ಅಂಥವರು ಫೋನು ಮಾಡಿ, ದನಿ ತಗ್ಗಿಸಿ, ಮನೆಗೇ ಬಂದು ಮಾಡುತ್ತೀರಾ ಎಂದು ಕೇಳುತ್ತಿದ್ದರು.

ಆವತ್ತು ಬಂದ ಫೋನೂ ಅದೇ ಪ್ರಶ್ನೆ ಕೇಳಿತು. ಆಶಾ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅವನ ಮನೆತನದಿಂದ ಶುರುಮಾಡಿ ಬೈಯುತ್ತಾ ಪೊಲೀಸ್ ಸ್ಟೇಷನ್ನಿನವರೆಗೆ ಬಂದು, ಉಸಿರು ತೆಗೆದುಕೊಳ್ಳಲು ನಿಂತಾಗ ಆ ಕಡೆ ಏನೋ ಗುಸುಗುಸು. ಆಮೇಲೆ ಒಂದು ಹೆಂಗಸಿನ ದನಿ.

"ಯವ್ವಾ, ತೋಳು ನಂದು. ಎತ್ತಾಕ ಬರವಲ್ದು. ನನ್ನ ಮಗಾ ನನ್ನ ಸಲುವಾಗಿ ಕೇಳಾಕತ್ತಾನು."

ಕ್ಷಮೆ ಕೇಳುವ ಅಭ್ಯಾಸ ಆಶಾಗೆ ಇರಲಿಲ್ಲ. ನಾಳೆ ಮಧ್ಯಾಹ್ನ ಕರೆದುಕೊಂಡು ಬರಲಿ, ಊಟ ಮಾಡಿದ ತಕ್ಷಣ ಬೇಡ ಎಂದಷ್ಟೇ ಹೇಳಿ ಫೋನಿಟ್ಟಳು. ಕಿವಿ ಮಾತ್ರ ಬಿಸಿಯಾಗಿತ್ತು.

ಶರಣವ್ವ ಗದಗದ ಕಡೆಯವಳು. ಮತ್ತಿಕೆರೆಯಲ್ಲಿ ಹಾಸ್ಟೆಲ್ ಹುಡುಗರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಬಡಿದೂ ಬಡಿದೂ ಭುಜ ಹಿಡಿದುಕೊಂಡಿತ್ತು. ಆಶಾ ಎಳ್ಳೆಣ್ಣೆ ಬೆಚ್ಚಗೆ ಮಾಡಿ, ಕತ್ತಿನ ಹಿಂದಿನಿಂದ ಭುಜದ ಕಡೆಗೆ ನಿಧಾನವಾಗಿ ಸವರಿದಳು. ನೋವಿದೆ ಅಂತ ಜೋರಾಗಿ ಒತ್ತಿದರೆ ಸ್ನಾಯು ಇನ್ನೂ ಬಿಗಿಯುತ್ತದೆ, ಮೊದಲು ಅದಕ್ಕೆ ಧೈರ್ಯ ಬರಬೇಕು ಎಂದು ತಿಳಿಸಿ ಹೇಳಿದಳು. ಶರಣವ್ವ ಕಣ್ಣು ಮುಚ್ಚಿಕೊಂಡೇ ಮಗನ ಗುಣಗಾನ ಮಾಡಿದಳು.

ಆ ಮಗ ಶಿವಪ್ರಕಾಶ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಒಳಗೆ ಗಂಡಸರಿಗೆ ಪ್ರವೇಶ ಇಲ್ಲದ್ದರಿಂದ ಹೊರಗೆ ಮೆಟ್ಟಿಲ ಮೇಲೆ ಕೂರುತ್ತಿದ್ದ. ಅವ್ವನ ತೋಳು ತಲೆಯವರೆಗೆ ಏಳುವಂತಾದ ಮೇಲೂ ವಾರ ತಪ್ಪದೆ ಕರೆದುಕೊಂಡು ಬಂದ. ಒಂದು ದಿನ ಪರದೆಯ ಆಚೆಯಿಂದ, ಕೆಮಿಕಲ್ ಮುಟ್ಟಿ ಮುಟ್ಟಿ ತನ್ನ ಬೆರಳು ಒಡೆದಿವೆ, ಏನು ಮಾಡಲಿ ಎಂದು ಕೇಳಿದ.

ಇಲ್ಲಿ ಗಂಡಸರಿಗೆ ಮಾಡಲ್ಲ ಎಂದು ಆಶಾ ಸಿಡುಕಿದಳು. ಮಾಡಬೇಡಿ, ಹೇಳಿದರೆ ಸಾಕು ಎಂದ ಅವನು.

ಹೇಳಿದಳು. ಬಿಸಿನೀರಲ್ಲಿ ಕೈ ತೊಳೆಯಬಾರದು. ಒರೆಸಿಕೊಂಡು ಇನ್ನೂ ಹಸಿ ಇರುವಾಗಲೇ ಎಣ್ಣೆ ಹಚ್ಚಬೇಕು, ಒಣಗಿದ ಮೇಲೆ ಹಚ್ಚಿದರೆ ಅಷ್ಟು ಗುಣವಿಲ್ಲ. ಲ್ಯಾಬಲ್ಲಿ ಗ್ಲೌಸ್ ಹಾಕಿಕೊಳ್ಳಬೇಕು, ಬುದ್ಧಿ ಇರುವವರು ಹಾಗೇ ಮಾಡುತ್ತಾರೆ. ಹೇಳುತ್ತಾ ಪರದೆ ಸರಿಸಿ, ಚಾಚಿದ ಅವನ ಅಂಗೈಗೆ ಚಮಚದಿಂದ ಎಣ್ಣೆ ಸುರಿದಳು. ಬೆರಳಿಗೆ ಬೆರಳು ತಾಗಲಿಲ್ಲ. ಅವನು ಅಂಗೈ ನೋಡುತ್ತಲೇ ಇರಲಿಲ್ಲ. ಎಣ್ಣೆ ತುಂಬಿ ಮಣಿಕಟ್ಟಿನಿಂದ ಇಳಿದು ಶರ್ಟಿನ ತೋಳೊಳಗೆ ಹೋಯಿತು. ನೋಡುವುದೇನಿದ್ದರೂ ಕೈ ನೋಡಿಕೊಳ್ಳಿ ಎಂದು ಬೈದು ಪರದೆ ಎಳೆದುಕೊಂಡಳು. ಬೈದಾದ ಮೇಲೆ ಒಳಗೆ ಒಬ್ಬಳೇ ನಕ್ಕಳು, ಆ ನಗು ಶರಣವ್ವನ ಕಣ್ಣಿಗೆ ಬಿತ್ತು.

ಮುಂದಿನದು ಹೆಬ್ಬಾಳ ಕೆರೆಯ ಏರಿ, ಫಿಲ್ಟರ್ ಕಾಫಿ, ಕೆಲಸ ಮುಗಿದ ಮೇಲಿನ ಮೆಸೇಜುಗಳು. ಪ್ರೀತಿ ಅಂದರೆ ಎಲ್ಲರದೂ ಹೀಗೇ ಇರುತ್ತದೆ, ವಿವರಿಸುವುದೇನೂ ಇಲ್ಲ. ಆಶಾಗೆ ಮಾತ್ರ ತನ್ನದು ಬೇರೆ ಅನ್ನಿಸಿತ್ತು. ಅವಳು ಜಗಳ ತೆಗೆದಷ್ಟೂ ಅವನು ಇಷ್ಟಪಡುತ್ತಿದ್ದ.

ಹೆಣ್ಣು ನೋಡುವ ಶಾಸ್ತ್ರಕ್ಕೆ ಊರಿನಿಂದ ಅವನ ಕಾಕಾ ಶಿವಪ್ಪ ಬಂದರು. ಅಪ್ಪ ತೀರಿಕೊಂಡ ಮೇಲೆ ಶಿವಪ್ರಕಾಶನನ್ನು ಓದಿಸಿದವರು. ಆಶಾಳ ಮನೆಯ ಹಾಲಿನಲ್ಲಿ ಕೇಸರಿಬಾತ್ ತಿನ್ನುತ್ತಾ, ಅವಳನ್ನು ಮೆಚ್ಚುಗೆಯಿಂದ ನೋಡಿದರು. ಶರಣವ್ವ ಅಡುಗೆಮನೆಯಲ್ಲಿ ಆಶಾಳ ತಾಯಿ ದ್ರೌಪದಮ್ಮನ ಜೊತೆ ಇದ್ದಳು.

"ಯಾವ ದವಾಖಾನಿಯವ್ವ ನಿಂದು? ಫಿಸಿಯೋಥೆರಪಿ ಡಾಕ್ಟರ್ ಅಂತ ಪ್ರಕಾಶ ಹೇಳ್ಯಾನು."

ಆಶಾ ಶಿವಪ್ರಕಾಶನ ಮುಖ ನೋಡಿದಳು. ತಪ್ಪು ತಿದ್ದಲು ಅವನಿಗೆ ಅವಕಾಶ ಕೊಟ್ಟಳು. ಅವನು ಪ್ಲೇಟು ನೋಡುತ್ತಾ, "ಹೆಬ್ಬಾಳದಾಗ ಐತ್ರಿ ಕಾಕಾ" ಅಂದ.

ಅವಳ ಮೈಯೆಲ್ಲ ಉರಿದುಹೋಯಿತು.

"ದವಾಖಾನೆ ಇಲ್ಲ ಸರ್. ನಾನು ಡಾಕ್ಟರ್ ಅಲ್ಲ. ಹಿಂದಿನ ರೋಡಲ್ಲಿ ಅಂಗಡಿ ಇದೆ, ಹೆಂಗಸರಿಗೆ ಮಸಾಜ್ ಮಾಡ್ತೀನಿ. ಇವ್ರಿಗೆ ಚೆನ್ನಾಗಿ ಗೊತ್ತು."

ಶಿವಪ್ಪ ಚಮಚ ಕೆಳಗಿಟ್ಟರು. ಆ ಪದಕ್ಕೆ ದನಿ ಬದಲಾಗುವುದನ್ನು ಅವಳು ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದಳು, ಮುಖ ಬದಲಾಗುವುದನ್ನು ಎದುರಿಗೆ ನೋಡಿದ್ದು ಅದೇ ಮೊದಲು. ಅವರು ಎದ್ದು ಹೋಗುವುದಕ್ಕೆ ಅವಳೇ ಬಾಗಿಲು ತೆರೆದು ನಿಂತಳು.

ಮಾರನೆಯ ಬೆಳಿಗ್ಗೆ ಶಿವಪ್ರಕಾಶ ಅಂಗಡಿಯ ಮುಂದೆ ಬಂದ. ಕಾಕಾ ಹಳೇ ಕಾಲದವರು, ಮದುವೆ ಆದ ಮೇಲೆ ಮೆಲ್ಲಗೆ ತಿಳಿಸೋಣ ಅಂತಿದ್ದೆ, ನಾಲ್ಕು ಜನರ ನಡುವೆ ನಿನಗೆ ಅವಮಾನ ಆಗಬಾರದು ಅಂತ ಹೇಳಿದೆ ಎಂದ. ಎಣ್ಣೆ ಬಾಟಲಿ ಒರೆಸುತ್ತಿದ್ದ ಆಶಾ ಅದನ್ನು ಟಪ್ಪನೆ ಇಟ್ಟಳು.

"ನನಗೆ ಅವಮಾನ ಎಲ್ಲಿತ್ತು? ನಮ್ಮಮ್ಮ ಊರಿನ ಬಾಣಂತಿಯರಿಗೆಲ್ಲ ಎಣ್ಣೆ ತಿಕ್ಕಿ ನೀರು ಹಾಕಿ ನನ್ನ ಸಾಕಿದ್ದು. ಫೋನ್ ಮಾಡೋ ಆ ಪೋಲಿಗಳಿಗೂ ನಿಮಗೂ ಏನ್ರೀ ವ್ಯತ್ಯಾಸ? ಅವ್ರಿಗೂ ಆ ಮಾತು ಹೊಲಸು, ನಿಮಗೂ ಹೊಲಸು. ಅವ್ರು ಬಾಯಿಬಿಟ್ಟು ಹೇಳ್ತಾರೆ, ನೀವು ಮುಚ್ಚಿಟ್ರಿ, ಅಷ್ಟೇ."

ಅವಳು ಬಾಗಿಲು ಹಾಕಿಕೊಂಡಳು. ಮೆಸೇಜು ನೋಡಲಿಲ್ಲ, ಫೋನು ಎತ್ತಲಿಲ್ಲ. ಶರಣವ್ವ ಒಬ್ಬಳೇ ಬಸ್ಸು ಹತ್ತಿ ಬಂದು, ಮನೆಯಲ್ಲಿ ಮಗನಿಗೆ ರೊಟ್ಟಿ ಹಾಕುವುದನ್ನೇ ನಿಲ್ಲಿಸಿದ್ದೇನೆ ಎಂದಳು. ಆಶಾ ಅವಳ ತೋಳಿಗೆ ಎಣ್ಣೆ ಹಚ್ಚಿದಳು, ಅವಳ ಮಗನ ಮಾತೆತ್ತಲಿಲ್ಲ. ಅವನ ಮೇಲೆ ಕೋಪ ಇತ್ತು. ಅಷ್ಟೊಂದು ಕೋಪ ಇದ್ದರೂ ಅವನನ್ನು ನೋಡಬೇಕು ಅನ್ನಿಸುತ್ತಿದ್ದುದಕ್ಕೆ ತನ್ನ ಮೇಲೂ ಕೋಪ ಬಂತು.

ಭಾನುವಾರ ಬೆಳಿಗ್ಗೆ ಆಶಾ ಮುನಿನಾರಾಯಣಮ್ಮನ ಮುಖಕ್ಕೆ ಕಡಲೆಹಿಟ್ಟು ಮೊಸರಿನ ಪ್ಯಾಕ್ ಹಾಕಿ, ನಿಂಬೆಹಣ್ಣು ಉಜ್ಜಿಕೊಂಡು ಮುಖ ಸುಟ್ಟುಕೊಳ್ಳಬೇಡಿ ಎಂದು ಗದರುತ್ತಿದ್ದಳು. ಹುಣಸಮಾರನಹಳ್ಳಿಯಿಂದ ಬರುವ ಹಳೇ ಗಿರಾಕಿ ಅವಳು. ಆಗ ಹೊರಗೆ ಆಟೋ ನಿಂತಿತು. ಇಳಿದವರು ಶಿವಪ್ಪ, ಹಿಂದೆ ಶಿವಪ್ರಕಾಶ. ಇಲ್ಲಿಗ್ಯಾಕೆ ಕರೆತಂದೆ ಎಂದು ಕಾಕಾ ಕೇಳುತ್ತಿದ್ದರು. ಅವನು ಬೋರ್ಡಿನ ಕೆಳಗೆ ನಿಂತ. ಪಕ್ಕದ ಬೇಕರಿಯಲ್ಲಿ ಟೀ ಕುಡಿಯುತ್ತಿದ್ದವರು ಇತ್ತ ತಿರುಗಿದರು.

"ಡಾಕ್ಟರ್ ಅಂತ ಸುಳ್ಳು ಹೇಳಿದ್ದು ನಾನ್ರಿ ಕಾಕಾ. ಆಕಿ ಮಸಾಜ್ ಮಾಡ್ತಾಳ. ಇದ ಆಕಿ ಅಂಗಡಿ. ಅವ್ವನ ತೋಳು ಎತ್ತಿಸಿದ್ದು ಆಕಿ. ನಾ ಆಕೀನ್ನ ಮದುವಿ ಆಗ್ತೀನಿ, ಆಕಿ ಒಪ್ಪಿದ್ರ."

ನಾಲ್ಕು ಜನರ ಮುಂದೆ ಆ ಪದ ಅವನ ಬಾಯಿಂದ ತಡವರಿಸದೆ ಬಂತು. ಶಿವಪ್ಪ ಬೋರ್ಡನ್ನು ನೋಡಿದರು, ಬೇಕರಿಯವರನ್ನು ನೋಡಿದರು. ಹಾಗಾದರೆ ಆ ಮದುವೆಗೆ ತಾನು ಬರುವುದಿಲ್ಲ ಎಂದರು.

"ನೀವು ಬರದಿದ್ರ ನನಗ ಭಾಳ ತ್ರಾಸಾಗ್ತೈತ್ರಿ ಕಾಕಾ," ಎಂದ ಶಿವಪ್ರಕಾಶ. "ಆದ್ರ ಸುಳ್ಳು ಹೇಳಿ ಕರೆಯಂಗಿಲ್ಲ."

ಶಿವಪ್ಪ ಅದೇ ಆಟೋ ಹತ್ತಿದರು. ತಿರುಗಿ ನೋಡಲಿಲ್ಲ. ಶಿವಪ್ರಕಾಶ ಆಟೋ ಮೇನ್ ರೋಡಿಗೆ ಹೊರಳುವವರೆಗೂ ನಿಂತಿದ್ದ, ಆಮೇಲೆ ಶರ್ಟಿನ ತೋಳಿನಿಂದ ಕಣ್ಣು ಒರೆಸಿಕೊಂಡ.

ಪರದೆಯ ಸಂದಿಯಿಂದ ಆಶಾ ಎಲ್ಲ ಕೇಳಿಸಿಕೊಂಡಿದ್ದಳು. ಆ ಒಂದು ಮಾತಿಗೆ ಅವನು ತೆತ್ತದ್ದೇನು ಅನ್ನುವುದು ಅವಳಿಗೆ ಗೊತ್ತಿತ್ತು. ಎದೆ ತುಂಬಿ ಬಂದಿತ್ತು, ಕೋಪವೂ ಅಲ್ಲೇ ಇತ್ತು. ಎರಡನ್ನೂ ಹೊತ್ತುಕೊಂಡೇ ಹೊರಗೆ ಬಂದಳು.

"ನನ್ನ ಕೋಪ ಇಳಿದಿಲ್ಲ," ಎಂದಳು. "ಮದುವೆ ಆದ್ಮೇಲೂ ಸುಮಾರು ದಿನ ಇರುತ್ತೆ. ಆಗುತ್ತಾ ನಿಮ್ ಕೈಲಿ?"

ಅವನು ಅವಳ ಮುಖವನ್ನೇ ನೋಡಿದ. ಮದುವೆ ಅನ್ನುವ ಪದ ಅವನಿಗೆ ಕೊಂಚ ತಡವಾಗಿ ಹೊಳೆಯಿತು.

"ಆಗ್ತೈತಿ," ಎಂದ.

ಅವಳು ಅವನ ಕೈ ಹಿಡಿದುಕೊಂಡಳು. ಬೇಕರಿಯವರು ನೋಡುತ್ತಿದ್ದರು, ನೋಡಲಿ ಅಂದುಕೊಂಡಳು. ಒಳಗಿನಿಂದ ಮುನಿನಾರಾಯಣಮ್ಮ, ಮುಖ ಬಿಗಿದುಹೋಗಿದ್ದರಿಂದ ತುಟಿ ಅಲ್ಲಾಡಿಸದೆ ಕೂಗಿದಳು.

"ನೀವು ಇಂಗೇ ನಿಂತ್ಕಂಡ್ರೆ ನನ್ನ ಮೊಕ ಬಿರುಕು ಬಿಡ್ತದೆ ಕಣಮ್ಮ."

ಬಂದೆ ಅಂದಳು ಆಶಾ. ಆದರೆ ತಕ್ಷಣ ಹೋಗಲಿಲ್ಲ.