ಸಹಿ ಹಾಕದ ವರದಿ

"ನಿಮಗೆ ಹೃದಯ ಅನ್ನೋದು ಇದೆಯೇನ್ರೀ?!"

ಅವನು ಲ್ಯಾಬಿನ ಗಾಜಿನ ಕಿಟಕಿಗೆ ಗುದ್ದಿದ ರಭಸಕ್ಕೆ ಒಳಗಿದ್ದವರೆಲ್ಲ ತಿರುಗಿ ನೋಡಿದರು. ಅವಳೊಬ್ಬಳು ಮಾತ್ರ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಕ್ಯಾನ್ಸರ್ ರೋಗಿಗಳ ಜೀನ್ ಪರೀಕ್ಷೆ ಮಾಡಿ ವರದಿ ಕೊಡುವುದು ಅವಳ ಕೆಲಸ. ಮೂಗಿನ ತುದಿಯಲ್ಲೇ ಕೋಪ ಇರುವವಳೆಂದು ಸಹೋದ್ಯೋಗಿಗಳು ಅವಳಿಗಿಟ್ಟ ಹೆಸರು ಮೆಣಸಿನಕಾಯಿ.

"ಹನ್ನೆರಡು ದಿನ ಆಯ್ತು! ನಮ್ಮಕ್ಕ ನಾಲ್ಕು ಹೆಜ್ಜೆ ಇಟ್ರೆ ಏದುಸಿರು ಬಿಡ್ತಾಳೆ. ಅಮ್ಮ ಹೋದ್ಮೇಲೆ ನನ್ನ ಸಾಕಿದವಳು ಅವಳು. ವರದಿ ಬರ್ದೆ ಚಿಕಿತ್ಸೆ ಇಲ್ಲ ಅಂತಾರೆ ಡಾಕ್ಟ್ರು. ನೀವು ನೋಡಿದ್ರೆ ಸಹೀನೇ ಹಾಕಲ್ವಂತೆ!"

"ಹಾಕಲ್ಲ."

"ಯಾಕೆ?"

"ಸುಳ್ಳಾಗತ್ತೆ." ಈಗ ಅವಳು ಎದ್ದು ಬಂದಳು. "ನಿಮ್ಮಕ್ಕನ ಶ್ವಾಸಕೋಶದಿಂದ ತೆಗೆದ ಚೂರಲ್ಲಿ ನೂರು ಕೋಶಕ್ಕೆ ಐದು ಮಾತ್ರ ಕ್ಯಾನ್ಸರಿಂದು. ಅಷ್ಟು ಕಮ್ಮಿ ಇರೋವಾಗ ಮಷೀನು ಜೀನಲ್ಲಿ ದೋಷ ಇಲ್ಲ ಅಂದ್ರೆ, ಇಲ್ಲ ಅಂತಲ್ಲ, ಸಿಗ್ಲಿಲ್ಲ ಅಂತ! ದೋಷ ಇದ್ರೆ ಅದಕ್ಕೆಂದೇ ಮಾಡಿದ ಮಾತ್ರೆ ಇದೆ. ನಾನು ಸಹಿ ಹಾಕಿದ್ರೆ ಆ ಮಾತ್ರೆ ತಪ್ಪಿಹೋಗತ್ತೆ. ಮತ್ತೆ ಚೂರು ತೆಗೀರಿ ಅಂತ ಒಂಬತ್ತು ದಿನದ ಹಿಂದೇನೇ ವಾರ್ಡಿಗೆ ಬರೆದಿದ್ದೀನಿ."

"ನಮಗ್ಯಾರೂ ಹೇಳಿಲ್ಲ. ನಿಮ್ಮ ತಪ್ಪು ಮುಚ್ಚೋಕೆ ಕಥೆ ಕಟ್ಬೇಡಿ!"

ಅವನು ನೇರ ಮೇಲಧಿಕಾರಿಯ ಕೋಣೆಗೆ ಹೋಗಿ ದೂರು ಬರೆದುಕೊಟ್ಟ. ಸಂಜೆಗೆ ಅವಳ ಕೈಗೆ ನೋಟಿಸು ಬಂತು. ಮೈಯೆಲ್ಲ ಉರಿದುಹೋಯಿತು. 'ಅಕ್ಕನ ಮೇಲೆ ಅಷ್ಟು ಪ್ರಾಣ ಇಟ್ಕೊಂಡವನಿಗೆ, ನಾನು ಹಠ ಹಿಡಿದದ್ದೂ ಅವಳಿಗಾಗೇ ಅಂತ ಅರ್ಥವಾಗಲ್ವಾ?'

ನೋಟಿಸನ್ನು ಮೇಜಿನ ಮೇಲೆ ಬಿಸಾಕಿ ವಾರ್ಡಿಗೆ ನಡೆದಳು. ನೋಡಿದರೆ, ಅವಳು ಬರೆದ ಚೀಟಿ ಬೇರೆ ರೋಗಿಯ ಫೈಲಿನಲ್ಲಿ ಬೆಚ್ಚಗೆ ಕೂತಿತ್ತು! ವಾರ್ಡಿನವರಿಗೆ ಆ ದಿನ ಅವಳು ಮಾಡಿದ ಮಂಗಳಾರತಿ... ಕೇಳಲೇಬಾರದು.

ಮರುದಿನ ಅಕ್ಕನಿಗೆ ಸೂಜಿ ಹಾಕಿ ಮತ್ತೆ ಚೂರು ತೆಗೆಯುವ ಕೋಣೆಗೆ ಸೂಕ್ಷ್ಮದರ್ಶಕವನ್ನು ತಾನೇ ಹೊತ್ತು ತಂದಳು. ತೆಗೆದ ಚೂರನ್ನು ಅಲ್ಲೇ ಗಾಜಿಗೆ ಒತ್ತಿ ನೋಡಿದಳು.

"ಸಾಲದು." ಎರಡನೆಯದೂ ಸಾಲಲಿಲ್ಲ. ಅಕ್ಕ ಹಲ್ಲು ಕಚ್ಚಿದಳು. ಪಕ್ಕದಲ್ಲಿ ನಿಂತ ತಮ್ಮ ಅವಳ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ.

ಮೂರನೆಯದು. "ಸಿಕ್ತು... ಸಾಕು!"

ಸೂಕ್ಷ್ಮದರ್ಶಕದಿಂದ ತಲೆ ಎತ್ತಿದವಳ ಕಣ್ಣು ತುಂಬಿದ್ದನ್ನು ಅವನು ಕಂಡ.

ವಾರದೊಳಗೆ ಜೀನಿನ ದೋಷ ಪತ್ತೆಯಾಯಿತು. ಅವಳು ಸಹಿ ಹಾಕಿದಳು. ಆಮೇಲೂ ಅವನು ಅಕ್ಕನ ಬಗ್ಗೆ ಒಂದಲ್ಲ ಒಂದು ಸಂದೇಹ ಹಿಡಿದು ದಿನಾ ಲ್ಯಾಬಿಗೆ ಬರತೊಡಗಿದ; ಅವಳು ಬೈಯುತ್ತಲೇ ಉತ್ತರ ಕೊಡುತ್ತಿದ್ದಳು. ಮಾತ್ರೆ ಶುರುವಾದ ಐದನೇ ವಾರ ಅಕ್ಕ ಎರಡು ಮಹಡಿ ಹತ್ತಿ ಬಂದು ತಮ್ಮನ ಕಿವಿ ಹಿಂಡಿದಳು. "ಆ ಹುಡುಗಿ ಹತ್ರ ಕ್ಷಮೆ ಕೇಳಿದ್ಯೇನೋ, ಕತ್ತೆ?"

ಅವನು ಮತ್ತೆ ಲ್ಯಾಬಿನ ಬಾಗಿಲಿಗೆ ಬಂದ. "ದೂರು ವಾಪಸ್ ತಗೊಂಡೆ."

"ಎಲ್ಲರ ಮುಂದೆ ಮಾನ ಹರಾಜು ಹಾಕಿ, ಈಗ ವಾಪಸ್ಸಾ? ದೊಡ್ಡ ಉಪಕಾರ!"

"ಬೈರಿ. ಬೈಸ್ಕೊಳ್ಳೋಕೇ ದಿನಾ ಏನಾದ್ರೂ ನೆಪ ಹುಡುಕ್ತಿದ್ದೀನಿ... ನಿಮ್ಮನ್ನ ಪ್ರೀತಿಸ್ತೀನಿ."

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಇವನು ಬರದ ದಿನ ಎಲ್ಲರ ಮೇಲೂ ರೇಗಿದವಳು ತಾನೇ ಅಲ್ಲವೇ!

"ಕೇಳಿ. ಆ ಮಾತ್ರೆ ಶಾಶ್ವತ ಅಲ್ಲ. ಒಂದಲ್ಲ ಒಂದಿನ ಕ್ಯಾನ್ಸರು ವೇಷ ಬದಲಾಯಿಸತ್ತೆ, ಮಾತ್ರೆ ನಾಟಲ್ಲ. ಮತ್ತೆ ಪರೀಕ್ಷೆ, ಬೇರೆ ಔಷಧಿ. ಆಗ ಸಮಾಧಾನಕ್ಕೂ ನಾನು ಸುಳ್ಳು ಹೇಳೋಳಲ್ಲ. ತಡ್ಕೋತೀರಾ?"

"ಒಬ್ನೇ ಆದ್ರೆ... ಆಗಲ್ಲ."

"ಒಬ್ರೇ ಯಾಕಿರ್ತೀರಾ? ನಾನೇನು ಸತ್ತಿದ್ದೀನಾ?" ಎಂದು ಗದರಿ, ಅವಳು ಅವನ ಕೈ ಹಿಡಿದುಕೊಂಡಳು.